ತಾಯಿ ಕೊಟ್ಟ ಹೆಪ್ಪು: ಕೀಟಗಳ ಮೈಯೊಳಗೆ ಬ್ಯಾಕ್ಟೀರಿಯಾಕ್ಕೇನು ಕೆಲಸ?

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ಹೊತ್ತಿನಿಂದ ಸೊಳ್ಳೆಯ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಸುದ್ದಿ ನಡುವೆ ತೂರಿಕೊಳ್ಳುತ್ತಿದೆ: ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಊರಿಗೆ ಬಿಟ್ಟು ಡೆಂಗಿ ತಡೆಯುತ್ತಾರಂತೆ, ಬೇರೆ ದೇಶಗಳಲ್ಲಿ ಆಗಲೇ ಬಿಟ್ಟಿದ್ದಾರಂತೆ. ನಮ್ಮ ಪಕ್ಕದ ಮನೆಯವರು ಇದನ್ನು ಕೇಳಿ ಗಾಬರಿಯಾಗಿ, "ಇರೋ ಸೊಳ್ಳೆ ಸಾಲದು ಅಂತ ರೋಗಾಣು ತುಂಬಿದ ಸೊಳ್ಳೆ ಬೇರೆ ಬಿಡ್ತಾರಾ?" ಎಂದರು.

ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ನೇರ ಉತ್ತರ ಕೊಡಲು ಹೋದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಬ್ಯಾಕ್ಟೀರಿಯಾ ಎಂದ ಕೂಡಲೇ ನಮಗೆ ಜ್ವರ, ಭೇದಿ, ಕೀವು ನೆನಪಾಗುತ್ತದೆ. ಕೀಟಗಳ ಲೋಕದಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಹಾಗಾಗಿ ಸೊಳ್ಳೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಅವರೆ ಬಳ್ಳಿಯ ಹತ್ತಿರ ಹೋಗೋಣ.

ಸಕ್ಕರೆ ನೀರು ಕುಡಿದು ಸಂಸಾರ ಬೆಳೆಸುವ ಹೇನು

ಚಳಿಗಾಲದಲ್ಲಿ ಅವರೆ ಚಿಗುರಿನ ತುದಿಯನ್ನು ತಿರುಗಿಸಿ ನೋಡಿ. ಎಳ್ಳು ಅಂಟಿಸಿದ ಹಾಗೆ ಕಪ್ಪು ಸಸ್ಯಹೇನುಗಳು ಸಾಲುಗಟ್ಟಿ ಕೂತಿರುತ್ತವೆ. ಸೂಜಿಯಂಥ ಮೂತಿಯನ್ನು ಕಾಂಡಕ್ಕೆ ಚುಚ್ಚಿ ರಸ ಹೀರುತ್ತವೆ, ಹಿಂಬದಿಯಿಂದ ಸಿಹಿ ಅಂಟನ್ನು ತೊಟ್ಟಿಕ್ಕಿಸುತ್ತವೆ. ಅದನ್ನು ನೆಕ್ಕಲು ಇರುವೆಗಳು ಬರುತ್ತವೆ. ಇವತ್ತು ಹತ್ತು ಕಂಡ ಜಾಗದಲ್ಲಿ ವಾರ ಕಳೆಯುವಷ್ಟರಲ್ಲಿ ಚಿಗುರೇ ಕಾಣದಷ್ಟಾಗಿರುತ್ತವೆ.

ಇಲ್ಲೊಂದು ಲೆಕ್ಕ ತಾಳೆಯಾಗುವುದಿಲ್ಲ. ಗಿಡದ ರಸದಲ್ಲಿ ಹೆಚ್ಚಿನ ಪಾಲು ನೀರು ಮತ್ತು ಸಕ್ಕರೆ. ಮೈ ಬೆಳೆಯಲು, ಮರಿ ಹುಟ್ಟಲು ಪ್ರೊಟೀನ್ ಬೇಕು. ಪ್ರೊಟೀನ್ ಕಟ್ಟಲು ಅಮೈನೊ ಆಮ್ಲ ಎಂಬ 20 ಬಗೆಯ ಇಟ್ಟಿಗೆಗಳು ಬೇಕು. ಇವುಗಳಲ್ಲಿ ಸುಮಾರು 10ನ್ನು ಪ್ರಾಣಿಗಳ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಸಿಗಬೇಕು. ನಾವು ಬೇಳೆ, ಹಾಲು, ಮೊಟ್ಟೆ ತಿನ್ನುವುದು ಇದೇ ಕಾರಣಕ್ಕೆ. ಗಿಡದ ರಸದಲ್ಲಿ ಆ 10 ಬಹಳ ಕಡಿಮೆ. ಬರೀ ಪಾನಕ ಕುಡಿದುಕೊಂಡು ಒಂದು ಮಗು ಬೆಳೆಯಲು ಸಾಧ್ಯವೇ? ಹೇನು ಬೆಳೆಯುತ್ತದೆ, ದಿನಕ್ಕೆ ಹಲವು ಮರಿಗಳನ್ನೂ ಹಾಕುತ್ತದೆ.

ಗುಟ್ಟು ಇರುವುದು ಅದರ ಹೊಟ್ಟೆಯೊಳಗೆ. ಅಲ್ಲಿ ಕೆಲವು ದೊಡ್ಡ ಜೀವಕೋಶಗಳಿವೆ. ಅವುಗಳ ತುಂಬ ಲಕ್ಷಗಟ್ಟಲೆ ಗುಂಡುಗುಂಡಾದ ಬ್ಯಾಕ್ಟೀರಿಯಾ. ಹೆಸರು ಬುಕ್ನೆರಾ. ಹೇನು ತನಗೆ ಸುಲಭವಾಗಿ ಸಿಗುವ ಕಚ್ಚಾ ಪದಾರ್ಥವನ್ನು ಬುಕ್ನೆರಾಗೆ ಕೊಡುತ್ತದೆ. ಅದರಿಂದ ಬುಕ್ನೆರಾ ಆ ಸಿಗದ ಅಮೈನೊ ಆಮ್ಲಗಳನ್ನು ಮಾಡಿ ಹೇನಿಗೆ ತಿರುಗಿ ಕೊಡುತ್ತದೆ. ಪ್ರಯೋಗಾಲಯದಲ್ಲಿ ಹೇನಿಗೆ ಆ್ಯಂಟಿಬಯಾಟಿಕ್ ಕೊಟ್ಟು ಬುಕ್ನೆರಾವನ್ನು ಕೊಂದರೆ ಹೇನು ಗಿಡ್ಡಾಗಿ ಉಳಿಯುತ್ತದೆ, ಸಂತಾನ ನಿಂತುಹೋಗುತ್ತದೆ. ನಮಗೆ ಕಾಯಿಲೆ ವಾಸಿ ಮಾಡುವ ಔಷಧಿಯೇ ಅದಕ್ಕೆ ವಿಷ.

ಹೀಗೆ ಎರಡು ಬೇರೆ ಬೇರೆ ಜೀವಜಾತಿಗಳು ಬಹುಕಾಲ ಒಂದಕ್ಕೊಂದು ಅಂಟಿಕೊಂಡು ಬದುಕುವುದನ್ನು ಸಹಜೀವನ ಎನ್ನುತ್ತಾರೆ. ಈ ಪದ ಕೇಳಿದರೆ ಇಬ್ಬರಿಗೂ ಒಳ್ಳೆಯದಾಗುತ್ತದೆ ಎಂದು ಅನಿಸಬಹುದು. ವಿಜ್ಞಾನದಲ್ಲಿ ಹಾಗೇನಿಲ್ಲ, ಒಟ್ಟಿಗೆ ಬಾಳುವುದಷ್ಟೇ ಅದರ ಅರ್ಥ. ಒಬ್ಬರಿಗೇ ಲಾಭವಾಗುವ ಸಹಜೀವನವೂ ಉಂಟು. ಸೊಳ್ಳೆಯ ವಿಷಯಕ್ಕೆ ಬಂದಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಕಂಡಿತ್ತು, ಏನೆಂದು ತಿಳಿದಿರಲಿಲ್ಲ

1858ರಲ್ಲಿ ಇಂಗ್ಲೆಂಡಿನ ಥಾಮಸ್ ಹೆನ್ರಿ ಹಕ್ಸ್‌ಲಿ ಹೇನನ್ನು ಸೀಳಿ ನೋಡಿದಾಗ ಈ ದೊಡ್ಡ ಕೋಶಗಳ ಗುಂಪು ಅವನ ಕಣ್ಣಿಗೆ ಬಿದ್ದಿತ್ತು. ಮೊಟ್ಟೆಯ ಹಳದಿಯ ಹಾಗೆ ಕಂಡಿದ್ದರಿಂದ 'ಹುಸಿ ಹಳದಿ' ಎಂಬ ಅರ್ಥದ ಹೆಸರಿಟ್ಟ. ಅದರೊಳಗೆ ಇರುವುದು ಬೇರೆ ಜೀವಿಗಳು ಎಂದು ತಿಳಿಯಲು ಮತ್ತೆ ಅರ್ಧ ಶತಮಾನ ಬೇಕಾಯಿತು. 1910ರಲ್ಲಿ ಇಟಲಿಯ ಉಂಬೆರ್ಟೊ ಪಿಯೆರಾಂಟೋನಿ ಮತ್ತು ಚೆಕ್ ವಿಜ್ಞಾನಿ ಕಾರೆಲ್ ಶುಲ್ಟ್ಸ್ ಇಬ್ಬರೂ ಬೇರೆ ಬೇರೆಯಾಗಿ, ಇವು ಸೂಕ್ಷ್ಮಜೀವಿಗಳು ಎಂದು ಗುರುತಿಸಿದರು.

ಆಮೇಲೆ ಜರ್ಮನಿಯ ಪಾಲ್ ಬುಕ್ನರ್ (1886–1978) ತನ್ನ ಇಡೀ ಆಯುಷ್ಯವನ್ನೇ ಇದಕ್ಕೆ ಕೊಟ್ಟ. ಹೇನು, ತಿಗಣೆ, ಜಿರಲೆ, ಮರ ಕೊರೆಯುವ ಹುಳು ಹೀಗೆ ಸಿಕ್ಕ ಕೀಟಗಳನ್ನೆಲ್ಲ ಸೀಳಿ, ಯಾವುದರಲ್ಲಿ ಯಾವ ಸೂಕ್ಷ್ಮಜೀವಿ ಎಲ್ಲಿ ವಾಸವಾಗಿದೆ ಎಂದು ಚಿತ್ರ ಬರೆದಿಟ್ಟ. ಆ ಕೆಲಸದಿಂದ ಒಂದು ವಿಷಯ ಸ್ಪಷ್ಟವಾಯಿತು. ಒಂದೇ ಬಗೆಯ ಆಹಾರಕ್ಕೆ ಜೋತುಬಿದ್ದ ಕೀಟಗಳಲ್ಲೇ ಇಂಥ ಒಳವಾಸಿಗಳು ಹೆಚ್ಚು. ಗಿಡದ ರಸ, ರಕ್ತ, ಒಣ ಕಾಳು ಇಂಥ ಅರೆಕೊರೆ ಊಟದಲ್ಲಿ ಏನು ಕಡಿಮೆಯೋ ಅದನ್ನು ಬ್ಯಾಕ್ಟೀರಿಯಾ ತುಂಬಿಕೊಡುತ್ತದೆ. ನಮ್ಮ ತಲೆಯ ಹೇನಿನೊಳಗೂ ಒಂದು ಬ್ಯಾಕ್ಟೀರಿಯಾ ಇದೆ. ರಕ್ತದಲ್ಲಿ ಸಾಕಷ್ಟು ಸಿಗದ 'ಬಿ' ಗುಂಪಿನ ವಿಟಮಿನ್ ಅದಕ್ಕೆ ಅಲ್ಲಿಂದಲೇ ಬರುತ್ತದೆ. ಅಡುಗೆಮನೆಯ ಜಿರಲೆಯೊಳಗಿನ ಬ್ಯಾಕ್ಟೀರಿಯಾವಂತೂ ಜಿರಲೆಯ ದೇಹದ ತ್ಯಾಜ್ಯವನ್ನೇ ಮತ್ತೆ ಅಮೈನೊ ಆಮ್ಲವಾಗಿ ಮಾಡಿಕೊಡುತ್ತದೆ. ಸಸ್ಯಹೇನಿನ ಬ್ಯಾಕ್ಟೀರಿಯಾಕ್ಕೆ ಬುಕ್ನರನ ಹೆಸರನ್ನೇ ಇಟ್ಟದ್ದು 1991ರಲ್ಲಿ.

ಹೆಪ್ಪು ಕೈಬದಲಾಗುವ ಬಗೆ

ಈ ಬ್ಯಾಕ್ಟೀರಿಯಾ ಮರಿಗೆ ಹೇಗೆ ಬರುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದೇ.

ಮೊಸರಿಗೆ ಹೆಪ್ಪು ಹಾಕುವುದನ್ನು ನೆನೆಯಿರಿ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ. ಅಮ್ಮನ ಮನೆಯಿಂದ ಹೆಪ್ಪು ತಂದ ಮಗಳ ಮನೆಯ ಮೊಸರಿನಲ್ಲಿ ಅಮ್ಮನ ಮನೆಯ ಬ್ಯಾಕ್ಟೀರಿಯಾದ ಸಂತತಿಯೇ ಇರುತ್ತದೆ. ಕೀಟಗಳಲ್ಲೂ ಹೀಗೇ, ಬಹುಪಾಲು ತಾಯಿಯ ಕಡೆಯಿಂದಲೇ.

ಸಸ್ಯಹೇನಿನಲ್ಲಿ ಈ ಕೆಲಸ ಗರ್ಭದಲ್ಲೇ ಮುಗಿಯುತ್ತದೆ. ವರ್ಷದ ಬಹುಕಾಲ ಹೆಣ್ಣು ಹೇನು ಗಂಡಿನ ಸಂಗವಿಲ್ಲದೆಯೇ ಮರಿ ಹಾಕುತ್ತದೆ. ಮರಿ ಇನ್ನೂ ಭ್ರೂಣವಾಗಿರುವಾಗಲೇ ಪಕ್ಕದ ತಾಯಿಕೋಶದಿಂದ ಒಂದಿಷ್ಟು ಬುಕ್ನೆರಾ ಹೊರಬಂದು ಭ್ರೂಣದೊಳಗೆ ಸೇರಿಕೊಳ್ಳುತ್ತದೆ. ಆಶ್ಚರ್ಯವೆಂದರೆ ಆ ಭ್ರೂಣದ ಒಳಗೆ ಅದರ ಮಗಳ ಭ್ರೂಣವೂ ಆಗಲೇ ಬೆಳೆಯತೊಡಗಿರುತ್ತದೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ. 15 ಕೋಟಿ ವರ್ಷಕ್ಕೂ ಹಿಂದಿನಿಂದ ಈ ಹೆಪ್ಪು ಕಡಿದಿಲ್ಲ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ಎರಡನೆಯ ಬಗೆ ಇನ್ನೂ ಸೊಗಸು. ಅವರೆ ಬಳ್ಳಿಯ ಮೇಲೆ ಗುಂಪಾಗಿ ಕೂರುವ, ಆಮೆಚಿಪ್ಪಿನಂತೆ ಬೆನ್ನು ಉಬ್ಬಿದ, ಹಸಿರುಕಂದು ಬಣ್ಣದ ಪುಟ್ಟ ತಿಗಣೆಯೊಂದಿದೆ. ಅದರ ಶಾಸ್ತ್ರೀಯ ಹೆಸರು ಮೆಗಾಕಾಪ್ಟ ಕ್ರಿಬ್ರೇರಿಯ. ಅದು ಸಾಲಾಗಿ ಮೊಟ್ಟೆ ಇಡುವಾಗ ಮೊಟ್ಟೆಗಳ ಅಡಿಯಲ್ಲಿ ಸಣ್ಣ ಸಣ್ಣ ಕಂದು ಉಂಡೆಗಳನ್ನೂ ಇಡುತ್ತದೆ. ಪ್ರತಿ ಉಂಡೆಯೊಳಗೂ ಕೀಟದ ಕರುಳಿನ ಬ್ಯಾಕ್ಟೀರಿಯಾ ತುಂಬಿರುತ್ತದೆ. ಒಡೆದು ಹೊರಬಂದ ಮರಿ ಮೊದಲು ಮಾಡುವ ಕೆಲಸ ಉಂಡೆಗೆ ಮೂತಿ ಚುಚ್ಚಿ ಹೀರುವುದು. ಹೀರಿದ ಮೇಲೆ ನೆಮ್ಮದಿಯಾಗಿ ಗುಂಪುಗೂಡಿ ಕೂರುತ್ತದೆ. ಉಂಡೆಯನ್ನು ತೆಗೆದುಬಿಟ್ಟರೆ ಮರಿಗಳು ಒಂದೆಡೆ ನಿಲ್ಲದೆ ಹುಡುಕುತ್ತ ಅಲೆಯುತ್ತವೆ.

ಜಪಾನಿನ ತಕಹಿರೊ ಹೊಸೊಕಾವಾ, ತಕೆಮಾ ಫುಕಾತ್ಸು ಮತ್ತು ಸಂಗಡಿಗರು ಈ ತಿಗಣೆಯ ಮೇಲೆ ಮಾಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಜಪಾನಿನಲ್ಲಿ ಈ ತಿಗಣೆ ಸೋಯಾ ಅವರೆಗೆ ಪೀಡೆಯಲ್ಲ, ಸೋಯಾ ಮೇಲೆ ಬಿಟ್ಟರೆ ಅದರ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ಅದರ ದಾಯಾದಿ ಜಾತಿಯೊಂದು ಮಾತ್ರ ಸೋಯಾ ಬೆಳೆಯನ್ನು ಕಾಡುತ್ತದೆ. ಅವರು ಎರಡೂ ಜಾತಿಗಳ ಉಂಡೆಗಳನ್ನು ಅದಲುಬದಲು ಮಾಡಿದರು. ಪೀಡೆಯಲ್ಲದ ತಿಗಣೆಯ ಮೊಟ್ಟೆಗಳು ಸೋಯಾ ಮೇಲೆ ಚೆನ್ನಾಗಿ ಒಡೆದವು, ಪೀಡೆಯಾಗಿದ್ದದರ ಮೊಟ್ಟೆಗಳು ಸೋತವು. ಅಂದರೆ ಬೆಳೆಯನ್ನು ಕಾಡುವ ಶಕ್ತಿ ಹುಳುವಿನದಷ್ಟೇ ಆಗಿರಲಿಲ್ಲ, ಅದರ ಹೆಪ್ಪಿನದೂ ಆಗಿತ್ತು.

ಮೂರನೆಯದು ನಮ್ಮ ಅಕ್ಕಿ ಡಬ್ಬದಲ್ಲೇ ಇದೆ. ಸೊಂಡಿಲಿರುವ ಅಕ್ಕಿಹುಳುವನ್ನು ಉಗುರಿನಲ್ಲಿ ಒತ್ತಿದರೆ ಗಟ್ಟಿಯಾಗಿರುತ್ತದಲ್ಲ, ಆ ಕವಚ ಗಟ್ಟಿಯಾಗಲು ಬೇಕಾದ ಅಮೈನೊ ಆಮ್ಲವನ್ನು ಒದಗಿಸುವುದು ಅದರೊಳಗಿನ ಬ್ಯಾಕ್ಟೀರಿಯಾ. ಫ್ರಾನ್ಸಿನ ಸಂಶೋಧಕರು 2014ರಲ್ಲಿ ತೋರಿಸಿದಂತೆ, ಹುಳು ಪ್ರೌಢವಾದ ಹೊಸತರಲ್ಲಿ ಕರುಳಿನ ಬ್ಯಾಕ್ಟೀರಿಯಾ ಮಿತಿಮೀರಿ ಹೆಚ್ಚುತ್ತದೆ. ಕವಚ ಗಟ್ಟಿಯಾಯಿತೋ, ಹುಳು ಅವುಗಳನ್ನು ಕರಗಿಸಿ ಅರಗಿಸಿಕೊಂಡುಬಿಡುತ್ತದೆ. ಅಂಡಾಶಯದಲ್ಲಿ ಮಾತ್ರ ಒಂದಿಷ್ಟನ್ನು ಉಳಿಸಿಕೊಳ್ಳುತ್ತದೆ. ಮೊಸರೆಲ್ಲ ಉಂಡು ಮುಗಿಸಿ ನಾಳೆಯ ಹೆಪ್ಪಿಗೆಂದು ಒಂದು ಚಮಚ ಎತ್ತಿಟ್ಟ ಹಾಗೆ.

ಎಲ್ಲ ಕೀಟಗಳೂ ತಾಯಿಯಿಂದಲೇ ಪಡೆಯುತ್ತವೆ ಎಂದಲ್ಲ. ಕಾಳು ಹೀರುವ ಒಂದು ಜಾತಿಯ ತಿಗಣೆ ಪ್ರತಿ ತಲೆಮಾರಿನಲ್ಲೂ ಮಣ್ಣಿನಿಂದ ಹೊಸದಾಗಿ ಬ್ಯಾಕ್ಟೀರಿಯಾ ಎತ್ತಿಕೊಳ್ಳುತ್ತದೆ. ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಸಿಂಪಡಿಸಿದ ಮಣ್ಣಿನಲ್ಲಿ ಆ ವಿಷವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಅದನ್ನು ಎತ್ತಿಕೊಂಡ ತಿಗಣೆಗೆ ಔಷಧಿ ತಾಗುವುದಿಲ್ಲ. ಜಪಾನಿನ ಸಂಶೋಧಕರು ಇದನ್ನು ಪ್ರಕಟಿಸಿದ್ದು 2012ರಲ್ಲಿ. "ಔಷಧಿ ಹೊಡೆದರೂ ಹುಳು ಸಾಯ್ತಿಲ್ಲ" ಎಂಬ ರೈತರ ಮಾತಿಗೆ ಇರಬಹುದಾದ ಹಲವು ಕಾರಣಗಳಲ್ಲಿ ಇದೂ ಒಂದು.

ಒಳಗೆ ಸೇರಿದವನ ಗಂಟು ಕರಗುತ್ತದೆ

ಹೊರಗೆ ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾಕ್ಕೆ ನೂರೆಂಟು ಕೆಲಸ. ಊಟ ಹುಡುಕಬೇಕು, ಶತ್ರುವನ್ನು ಎದುರಿಸಬೇಕು, ಬಿಸಿಲು ಚಳಿ ತಡೆಯಬೇಕು. ಅದಕ್ಕೆಲ್ಲ ಬೇಕಾದ ಸೂಚನೆಗಳು ಡಿಎನ್‌ಎಯಲ್ಲಿ ಬರೆದಿರುತ್ತವೆ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿವೆ. ಜಪಾನಿನ ತಂಡವೊಂದು 2000ದಲ್ಲಿ ಬುಕ್ನೆರಾದ ಡಿಎನ್‌ಎ ಪೂರ್ತಿ ಓದಿದಾಗ ಸಿಕ್ಕಿದ್ದು ಸುಮಾರು 6 ಲಕ್ಷ 40 ಸಾವಿರ ಅಕ್ಷರ ಮಾತ್ರ. ಕೀಟದ ಹೊಟ್ಟೆಯೊಳಗೆ ಮಳೆಯಿಲ್ಲ, ಬಿಸಿಲಿಲ್ಲ, ಹಸಿವಿಲ್ಲ. ಬಳಸದ ಸೂಚನೆ ಕೆಟ್ಟರೂ ತೊಂದರೆಯಾಗುವುದಿಲ್ಲ, ಕೊನೆಗೆ ಅಳಿಸಿಯೇ ಹೋಗುತ್ತದೆ. ಆದರೆ ಹೇನಿಗೆ ಬೇಕಾದ ಅಮೈನೊ ಆಮ್ಲ ತಯಾರಿಸುವ ಸೂಚನೆಗಳು ಉಳಿದಿವೆ. ಅವು ಕೆಟ್ಟ ದಿನ ಹೇನು ಸಾಯುತ್ತದೆ, ಜೊತೆಗೆ ಬುಕ್ನೆರಾವೂ. ಈ ಕರಗುವಿಕೆಯ ಲೆಕ್ಕವನ್ನು ಬಿಡಿಸಿ ಹೇಳಿದವರಲ್ಲಿ ಅಮೆರಿಕದ ನ್ಯಾನ್ಸಿ ಮೊರಾನ್ ಮುಖ್ಯರು.

ಕರಗಿ ಕರಗಿ ಎಲ್ಲಿಗೆ ಮುಟ್ಟಬಹುದು? ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಹಿಟ್ಟು ತಿಗಣೆ ಗೊತ್ತು. ಕಾಯಿಗೊಂಚಲಿಗೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಕೂರುವ ಕೀಟ. ಅದರ ಒಂದು ಜಾತಿ ಪ್ಲಾನೊಕಾಕಸ್ ಸಿಟ್ರಿ. ಅದರೊಳಗೆ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ ಇದೆ, ಆ ಬ್ಯಾಕ್ಟೀರಿಯಾದ ಒಳಗೆ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಟ್ರೆಂಬ್ಲಾಯಾದ ಡಿಎನ್‌ಎ 1 ಲಕ್ಷ 39 ಸಾವಿರ ಅಕ್ಷರಕ್ಕೆ ಇಳಿದಿದೆ. ಒಂದು ಅಮೈನೊ ಆಮ್ಲ ಮಾಡಲು ಕೆಲವು ಹಂತ ಇದರಲ್ಲಿ, ಕೆಲವು ಅದರಲ್ಲಿ, ಮಿಕ್ಕದ್ದು ಕೀಟದ ದೇಹದಲ್ಲಿ ನಡೆಯಬೇಕು. ಒಬ್ಬರ ಮನೆಯಲ್ಲಿ ಒಲೆ, ಇನ್ನೊಬ್ಬರಲ್ಲಿ ಪಾತ್ರೆ, ಮತ್ತೊಬ್ಬರಲ್ಲಿ ಅಕ್ಕಿ ಇದ್ದಂತೆ. ಮೂವರೂ ಕೂಡಿದರೆ ಮಾತ್ರ ಅನ್ನ.

ವೊಲ್ಬಾಕಿಯಾ: ತನ್ನ ಸಂತತಿಗಾಗಿ ದುಡಿಯುವ ಒಳವಾಸಿ

ಈಗ ಸೊಳ್ಳೆಗೆ ಬರೋಣ. 1924ರಲ್ಲಿ ಅಮೆರಿಕದ ಮಾರ್ಷಲ್ ಹರ್ಟಿಗ್ ಮತ್ತು ಎಸ್. ಬರ್ಟ್ ವೊಲ್ಬಾಕ್ ಮನೆಸೊಳ್ಳೆ ಕ್ಯೂಲೆಕ್ಸ್‌ನ ಅಂಗಾಂಶದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅದಕ್ಕೆ ಆಮೇಲೆ ವೊಲ್ಬಾಕಿಯಾ ಎಂದು ಹೆಸರಾಯಿತು. ಲೋಕದ ಕೀಟಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದು ಇದೆ ಎಂಬುದು ಇಂದಿನ ಅಂದಾಜು.

ವೊಲ್ಬಾಕಿಯಾ ಕೂಡ ಮೊಟ್ಟೆಯ ಮೂಲಕ, ಅಂದರೆ ತಾಯಿಯಿಂದ ಮಕ್ಕಳಿಗೆ ಹೋಗುತ್ತದೆ. ಗಂಡಿನ ದೇಹದಲ್ಲಿರುವ ವೊಲ್ಬಾಕಿಯಾಕ್ಕೆ ಮುಂದಕ್ಕೆ ದಾರಿಯಿಲ್ಲ. ಹಾಗಾಗಿ ಅದು ತನ್ನನ್ನು ಹೊತ್ತ ಹೆಣ್ಣುಗಳಿಗೆ ಅನುಕೂಲವಾಗುವಂತೆ ಒಂದು ಉಪಾಯ ಮಾಡುತ್ತದೆ. ವೊಲ್ಬಾಕಿಯಾ ಇರುವ ಗಂಡಿನ ವೀರ್ಯಾಣು ಒಂದು ಗಂಟು ಹಾಕಿಸಿಕೊಂಡು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಆ ಗಂಟನ್ನು ಬಿಚ್ಚಲು ಮೊಟ್ಟೆಯಲ್ಲೂ ಅದೇ ಬಗೆಯ ವೊಲ್ಬಾಕಿಯಾ ಇರಬೇಕು. ಇದ್ದರೆ ಮರಿ ಹುಟ್ಟುತ್ತದೆ. ಇಲ್ಲದಿದ್ದರೆ ಭ್ರೂಣ ಮೊದಲ ಹಂತದಲ್ಲೇ ಸಾಯುತ್ತದೆ. ವೊಲ್ಬಾಕಿಯಾ ಇಲ್ಲದ ಗಂಡಿನಿಂದ ಬಂದ ವೀರ್ಯಾಣುವಿಗೆ ಗಂಟೇ ಇಲ್ಲ, ಯಾವ ಮೊಟ್ಟೆಯಾದರೂ ಆದೀತು.

ಇದರ ಫಲವನ್ನು ಲೆಕ್ಕಹಾಕಿ. ವೊಲ್ಬಾಕಿಯಾ ಇರುವ ಹೆಣ್ಣು ಯಾವ ಗಂಡಿನ ಜೊತೆ ಕೂಡಿದರೂ ಮರಿ ಆಗುತ್ತದೆ, ಎಲ್ಲ ಮರಿಗಳಿಗೂ ವೊಲ್ಬಾಕಿಯಾ ಸಿಗುತ್ತದೆ. ಇಲ್ಲದ ಹೆಣ್ಣಿಗೆ ವೊಲ್ಬಾಕಿಯಾದ ಗಂಡು ಸಿಕ್ಕಿದರೆ ಮೊಟ್ಟೆಗಳೆಲ್ಲ ವ್ಯರ್ಥ. ತಲೆಮಾರು ಕಳೆದಂತೆ ವೊಲ್ಬಾಕಿಯಾ ಇರುವವರ ಪಾಲು ಏರುತ್ತ ಹೋಗುತ್ತದೆ.

ಕಾರಣ ತಿಳಿಯುವ ಮೊದಲೇ ಇದನ್ನು ಬಳಸಿದ್ದರು. 1967ರಲ್ಲಿ ಹಾನ್ಸ್ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಬರ್ಮಾದ ಒಕ್ಪೊ ಎಂಬ ಹಳ್ಳಿಯಲ್ಲಿ ಬೇರೆ ಸೀಮೆಯ ಕ್ಯೂಲೆಕ್ಸ್ ಗಂಡುಗಳನ್ನು ಬಿಟ್ಟು ಅಲ್ಲಿನ ಸೊಳ್ಳೆಯ ಸಂತತಿಯನ್ನೇ ಕುಸಿಯುವಂತೆ ಮಾಡಿದ. ಇದರ ಹಿಂದೆ ವೊಲ್ಬಾಕಿಯಾ ಇದೆ ಎಂದು ತಿಳಿದದ್ದು 1971ರಲ್ಲಿ.

ಡೆಂಗಿಗೂ ಇದಕ್ಕೂ ಏನು ನಂಟು?

ಡೆಂಗಿ ಹರಡುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟಿ. ಮೈಕಾಲಿನ ಮೇಲೆ ಬಿಳಿಪಟ್ಟೆ, ಹಗಲು ಕಚ್ಚುತ್ತದೆ. ಇಷ್ಟೆಲ್ಲ ಕೀಟಗಳಲ್ಲಿರುವ ವೊಲ್ಬಾಕಿಯಾ ಇದರಲ್ಲಿ ಸಹಜವಾಗಿ ಇಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓ'ನೀಲ್ ಮತ್ತು ಸಂಗಡಿಗರು ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ಹಣ್ಣುನೊಣದ ವೊಲ್ಬಾಕಿಯಾವನ್ನು ಕೂದಲಿಗಿಂತ ಸಪೂರವಾದ ಸೂಜಿಯಿಂದ ಈಡಿಸ್ ಮೊಟ್ಟೆಗೆ ಚುಚ್ಚಿದರು. ಸಾವಿರಾರು ಮೊಟ್ಟೆ, ವರ್ಷಗಟ್ಟಲೆ ಸೋಲು. ಕೊನೆಗೆ ಬ್ಯಾಕ್ಟೀರಿಯಾ ನೆಲೆನಿಂತಿತು. ಅಂಥ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ ಎಂಬುದು ಆಗ ಕಂಡ ಸಂಗತಿ. ವೈರಸ್‌ಗೆ ಬೇಕಾದ ಕೊಬ್ಬಿನಂಶದಂಥ ಪದಾರ್ಥಗಳನ್ನು ವೊಲ್ಬಾಕಿಯಾ ಮೊದಲೇ ಬಳಸಿಕೊಳ್ಳುವುದು, ಸೊಳ್ಳೆಯ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಿಡುವುದು ಇವನ್ನು ಸಂಶೋಧಕರು ಕಾರಣವಾಗಿ ಹೇಳುತ್ತಾರೆ.

2011ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಬಳಿಯ ಎರಡು ಊರುಗಳಲ್ಲಿ ಬಿಡಲು ಶುರುಮಾಡಿ, ಸುಮಾರು 3 ಲಕ್ಷ ಸೊಳ್ಳೆ ಬಿಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಈಡಿಸ್ ಸೊಳ್ಳೆಗಳಲ್ಲಿ ಬಹುಪಾಲಿನೊಳಗೆ ವೊಲ್ಬಾಕಿಯಾ ಸೇರಿತ್ತು. ಇಂಡೊನೇಷ್ಯಾದ ಯೋಗ್ಯಕರ್ತ ನಗರವನ್ನು 24 ತುಂಡುಗಳಾಗಿ ವಿಂಗಡಿಸಿ, 12ರಲ್ಲಿ ಮಾತ್ರ ಸೊಳ್ಳೆ ಬಿಟ್ಟು ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 2021ರ ಜೂನ್‌ನಲ್ಲಿ ಬಂತು. ಬಿಟ್ಟ ಕಡೆ ಡೆಂಗಿ ಶೇ 77ರಷ್ಟು, ಡೆಂಗಿಯಿಂದ ಆಸ್ಪತ್ರೆ ಸೇರುವುದು ಶೇ 86ರಷ್ಟು ಕಡಿಮೆ. ಸಿಂಗಪುರದ ಹಾದಿ ಬೇರೆ. ಅಲ್ಲಿ 2016ರಿಂದ ಗಂಡುಗಳನ್ನಷ್ಟೇ ಬಿಡುತ್ತಾರೆ, ಊರಿನ ಹೆಣ್ಣುಗಳ ಮೊಟ್ಟೆ ಒಡೆಯದಂತೆ ಮಾಡಿ ಸೊಳ್ಳೆಯ ಸಂಖ್ಯೆಯನ್ನೇ ತಗ್ಗಿಸುವುದು ಗುರಿ. ನಮ್ಮ ದೇಶದಲ್ಲಿ ಐಸಿಎಂಆರ್‌ಗೆ ಸೇರಿದ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ವೊಲ್ಬಾಕಿಯಾ ಇರುವ ಈಡಿಸ್ ತಳಿಗಳನ್ನು ಬೆಳೆಸಿರುವುದಾಗಿ 2022ರಲ್ಲಿ ತಿಳಿಸಿತು.

ಬಿಸಿಲು ಇಲ್ಲಿ ಮುಖ್ಯ ಅಡ್ಡಿ. ಹಣ್ಣುನೊಣದಿಂದ ಬಂದ ತಳಿಯ ವೊಲ್ಬಾಕಿಯಾ, ಲಾರ್ವಾ (ಸೊಳ್ಳೆಯ ಮರಿಹುಳು) ಇರುವ ನೀರು ಬಹಳ ಕಾದರೆ ಕುಗ್ಗುತ್ತದೆ. ಏಷ್ಯಾದ ಹುಲಿಸೊಳ್ಳೆಯಿಂದ ಪಡೆದ ಇನ್ನೊಂದು ತಳಿ ಶಾಖವನ್ನು ಹೆಚ್ಚು ತಾಳುತ್ತದೆ. ಮಲೇಷ್ಯಾದ ಕ್ವಾಲಾಲಂಪುರದಲ್ಲಿ ಬಳಸಿದ್ದು ಅದನ್ನೇ. ಪುದುಚೇರಿಯಲ್ಲಿ ಎರಡೂ ತಳಿಗಳ ಮೇಲೆ ಕೆಲಸ ನಡೆದಿದೆ.

ಪಕ್ಕದ ಮನೆಯವರ ಪ್ರಶ್ನೆಗೆ

ಆ ಬ್ಯಾಕ್ಟೀರಿಯಾ ನಮಗೆ ಬರುತ್ತದೆಯೇ? ವೊಲ್ಬಾಕಿಯಾ ಕೀಟ ಮತ್ತು ಅಂಥ ಜೀವಿಗಳ ಕೋಶದೊಳಗೆ ಮಾತ್ರ ಬದುಕುತ್ತದೆ, ಮನುಷ್ಯನ ಮೈಯಲ್ಲಿ ನೆಲೆನಿಲ್ಲುವುದಿಲ್ಲ. ಅದನ್ನು ಹೊತ್ತ ಕ್ಯೂಲೆಕ್ಸ್ ಸೊಳ್ಳೆ ನಮ್ಮನ್ನು ರಾತ್ರಿಯೆಲ್ಲ ಕಚ್ಚುತ್ತಲೇ ಬಂದಿದೆ. ಆನೆಕಾಲು ರೋಗ ತರುವ ಹುಳುವಿನೊಳಗೆ ಮಾತ್ರ ವೊಲ್ಬಾಕಿಯಾದ ಬೇರೊಂದು ತಳಿ ಇದೆ. ಅಲ್ಲೂ ಅದರ ವಾಸ ಹುಳುವಿನೊಳಗೇ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟು ಆ ಬ್ಯಾಕ್ಟೀರಿಯಾವನ್ನು ಕೊಂದರೆ ಹುಳು ಬಂಜೆಯಾಗಿ ನಿಧಾನಕ್ಕೆ ಸಾಯುತ್ತದೆ, ಅದನ್ನೇ ಚಿಕಿತ್ಸೆಯಾಗಿಯೂ ಬಳಸುತ್ತಾರೆ.

ಇವು ಕುಲಾಂತರಿ ಸೊಳ್ಳೆಗಳೇ? ಅಲ್ಲ. ಸೊಳ್ಳೆಯ ಡಿಎನ್‌ಎಯನ್ನಾಗಲಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನಾಗಲಿ ತಿದ್ದಿಲ್ಲ. ಒಂದು ಕೀಟದ ಹೆಪ್ಪನ್ನು ಇನ್ನೊಂದಕ್ಕೆ ಹಾಕಿದ್ದಾರೆ.

ಕಚ್ಚುವುದು ನಿಲ್ಲುತ್ತದೆಯೇ? ಇಲ್ಲ. ವೊಲ್ಬಾಕಿಯಾ ಇರುವ ಹೆಣ್ಣು ಸೊಳ್ಳೆಗೂ ಮೊಟ್ಟೆ ಇಡಲು ರಕ್ತ ಬೇಕೇ ಬೇಕು. ಗಂಡು ಸೊಳ್ಳೆ ಮೊದಲಿನಿಂದಲೂ ಕಚ್ಚುವುದಿಲ್ಲ.

ಹಾಗಾದರೆ ತೊಟ್ಟಿ ತೊಳೆಯುವುದನ್ನು ಬಿಡಬಹುದೇ ಎಂದೂ ಅವರು ಕೇಳಿದರು. ಬಿಡುವ ಹಾಗಿಲ್ಲ ಎಂದೆ. ಈಡಿಸ್ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರ, ಹತ್ತು ದಿನ ಸಾಕು. ನೀರು ತುಂಬಿಸಿಡುವ ಮನೆಯಲ್ಲಿ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಬೇಕು. ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೇವದ ಗೋಡೆಗೆ ಅಂಟಿರುವ ಕಪ್ಪು ಚುಕ್ಕೆಗಳೇ ಅದರ ಮೊಟ್ಟೆ. ನೀರಿಲ್ಲದೆಯೂ ಅವು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.